ನಾಯಿಗೆ ಮನೆ ಅಡುಗೆ ಶುರು ಮಾಡಬೇಕು ಅಂತಿದ್ದೇನೆ: ಅನ್ನ, ಚಿಕನ್ ಅಷ್ಟೇ ಸಾಕಾ?

ಗುಂಡನ ಅಮ್ಮ:
ಎಲ್ಲರಿಗೂ ನಮಸ್ಕಾರ. ನಮ್ಮ ಗುಂಡನಿಗೆ ಐದು ವರ್ಷ. ಮಿಶ್ರ ತಳಿ, ಸಂತಾನಹರಣ ಆಪರೇಷನ್ ಆಗಿದೆ. 10 ಕೆಜಿ ಇರಬೇಕಾದವನು ಈಗ 12ಕ್ಕೆ ಬಂದು ನಿಂತಿದ್ದಾನೆ. ಇಲ್ಲಿಯವರೆಗೆ ಪ್ಯಾಕೆಟ್ ಆಹಾರವೇ ಹಾಕುತ್ತಿದ್ದೆವು. ಈಗ ಮನೆಯಲ್ಲೇ ಬೇಯಿಸಿದ ಚಿಕನ್, ಅನ್ನ, ಒಂದಿಷ್ಟು ಕ್ಯಾರೆಟ್ ಕೊಡೋಣ ಅಂದುಕೊಂಡಿದ್ದೇವೆ. ಆದರೆ ಎಲ್ಲಿ ನೋಡಿದರೂ ಒಬ್ಬರು ಕೊಡಿ ಅನ್ನುತ್ತಾರೆ, ಇನ್ನೊಬ್ಬರು ಅದೇ ಪದಾರ್ಥವನ್ನು ವಿಷ ಅನ್ನುತ್ತಾರೆ. ಏನು ಕೊಡಬಾರದು, ಎಷ್ಟು ಕೊಡಬೇಕು, ತಿಳಿದವರು ಹೇಳಿ ಪ್ಲೀಸ್.

ಮೂಗು ತೇವ:
ಕೊಡಲೇಬಾರದ್ದು ಮೊದಲು ಬರೆದುಕೊಳ್ಳಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಕ್ಸೈಲಿಟಾಲ್ ಎಂಬ ಸಕ್ಕರೆ ಬದಲಿ ಸಿಹಿ ಹಾಕಿದ ಶುಗರ್‌ಲೆಸ್ ತಿಂಡಿಗಳು, ಮಕಾಡಮಿಯಾ ಬೀಜ, ಮದ್ಯ, ಯೀಸ್ಟ್ ಕಲಸಿದ ಹಸಿ ಹಿಟ್ಟು, ಬೆಂದ ಮೂಳೆ. ಇಷ್ಟನ್ನು ಫ್ರಿಜ್ ಬಾಗಿಲಿಗೆ ಅಂಟಿಸಿಬಿಡಿ.

ಎರಡು ನಾಯಿ ಒಂದು ಸೋಫಾ:
ಪರಿಚಯದವರ ಲ್ಯಾಬ್ರಡಾರ್ ಒಂದು ಬಾರ್ ಚಾಕೊಲೇಟನ್ನು ಕಾಗದದ ಸಮೇತ ನುಂಗಿ, ಏನೂ ಆಗದವರ ಹಾಗೆ ಮಲಗಿತ್ತಂತೆ. ಹಾಗಾದರೆ ಈ ಚಾಕೊಲೇಟ್ ಹೆದರಿಕೆ ಸ್ವಲ್ಪ ಜಾಸ್ತಿನೇ ಅಲ್ವಾ?

ಹಳೇ ವೆಟ್:
ಹೆದರಿಕೆ ಜಾಸ್ತಿ ಅಲ್ಲ, ಲೆಕ್ಕ ಬೇರೆ. ಚಾಕೊಲೇಟ್‌ನಲ್ಲಿ ಥಿಯೋಬ್ರೋಮಿನ್ ಎಂಬ, ಕೆಫೀನ್ ಥರದ ರಾಸಾಯನಿಕ ಇರುತ್ತದೆ. ನಾಯಿಯ ದೇಹ ಅದನ್ನು ತುಂಬಾ ನಿಧಾನವಾಗಿ ಹೊರಹಾಕುತ್ತದೆ. ಅರ್ಧ ಇಳಿಯಲಿಕ್ಕೇ ಹದಿನೇಳು ಗಂಟೆಯಷ್ಟು ಬೇಕು. ನಾಯಿಯ ಪ್ರತಿ ಕೆಜಿ ತೂಕಕ್ಕೆ 20 ಮಿಲಿಗ್ರಾಂ ಹೋದರೆ ವಾಂತಿ, ಭೇದಿ, ಚಡಪಡಿಕೆ. 40ರಿಂದ 50 ಆದರೆ ಹೃದಯದ ಬಡಿತ ಹದ ತಪ್ಪುತ್ತದೆ. 60 ದಾಟಿದರೆ ಫಿಟ್ಸ್.

ಈಗ ಚಾಕೊಲೇಟ್ ನೋಡಿ. ಹಾಲಿನ ಚಾಕೊಲೇಟ್‌ನ ಒಂದು ಗ್ರಾಂನಲ್ಲಿ ಸುಮಾರು 2 ಮಿಲಿಗ್ರಾಂ, ಕಪ್ಪು ಚಾಕೊಲೇಟ್‌ನಲ್ಲಿ 5ರ ಆಸುಪಾಸು, ಸಿಹಿ ಇಲ್ಲದ ಕೋಕೋ ಪುಡಿಯಲ್ಲಿ 20ಕ್ಕೂ ಜಾಸ್ತಿ. 10 ಕೆಜಿಯ ನಾಯಿಗೆ ತೊಂದರೆ ಶುರುವಾಗಲು ಹಾಲಿನದ್ದು 100 ಗ್ರಾಂ ಬೇಕು, ಕಪ್ಪು 40 ಗ್ರಾಂ ಸಾಕು, ಕೋಕೋ ಪುಡಿಯಾದರೆ 10 ಗ್ರಾಂ ಕೂಡ ಬೇಡ. ನೀವು ಹೇಳಿದ ಲ್ಯಾಬ್ರಡಾರ್ 30 ಕೆಜಿ ಇದ್ದು, ಅದು ನುಂಗಿದ್ದು ಸಣ್ಣ ಹಾಲಿನ ಚಾಕೊಲೇಟ್ ಆಗಿದ್ದರೆ ಏನೂ ಆಗದಿರುವುದೇ ಸರಿ. ಅದನ್ನು ನೋಡಿ ಚಿಕ್ಕ ನಾಯಿಯವರು ಧೈರ್ಯ ಮಾಡಬಾರದು ಅಷ್ಟೇ.

ಮೂಗು ತೇವ ಅವರ ಪಟ್ಟಿ ಸರಿಯಾಗಿದೆ. ಆದರೆ ಅದರಲ್ಲಿರುವ ಎಲ್ಲವೂ ಒಂದೇ ಥರ ಅಪಾಯಕಾರಿ ಅಲ್ಲ. ದ್ರಾಕ್ಷಿಗೆ ಈ ರೀತಿ ಲೆಕ್ಕವೇ ಹಾಕಲಾಗದು. ಒಂದು ನಾಯಿ ಗೊಂಚಲು ತಿಂದು ಓಡಾಡಿಕೊಂಡಿರುತ್ತದೆ, ಇನ್ನೊಂದಕ್ಕೆ ಕೆಲವೇ ಹಣ್ಣಿಗೆ ಕಿಡ್ನಿ ಕೈಕೊಡುತ್ತದೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕು ಎಂಬ ಅನುಮಾನ 2021ರಿಂದ ಬಲವಾಗಿದೆ. ಹುಣಸೆಹಣ್ಣಿನಲ್ಲೂ ಅದೇ ಆಮ್ಲ ಇದೆ, ಹುಣಸೆ ತಿಂದು ಕಿಡ್ನಿ ಕೆಟ್ಟ ನಾಯಿಗಳ ವರದಿಯೂ ಇದೆ. ಹಾಗಾಗಿ ದ್ರಾಕ್ಷಿಯ ಪಕ್ಕದಲ್ಲಿ ಹುಣಸೆಯನ್ನೂ ಬರೆದುಕೊಳ್ಳಿ.

ಕ್ಸೈಲಿಟಾಲ್ ಇವೆಲ್ಲಕ್ಕಿಂತ ವೇಗ. ಕೆಜಿಗೆ 0.1 ಗ್ರಾಂ ಹೋದರೆ ಸಾಕು, ನಾಯಿಯ ದೇಹ ಒಮ್ಮೆಲೇ ಇನ್ಸುಲಿನ್ ಸುರಿಸಿ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಅರ್ಧ ಗಂಟೆಯಲ್ಲೇ ತೂರಾಡಬಹುದು. ಕೆಜಿಗೆ 0.5 ಗ್ರಾಂ ದಾಟಿದರೆ ಲಿವರ್‌ಗೆ ಹೊಡೆತ. ಚ್ಯೂಯಿಂಗ್ ಗಮ್, ಟೂತ್‌ಪೇಸ್ಟ್, ಕೆಲವು ಬ್ರ್ಯಾಂಡಿನ ಪೀನಟ್ ಬಟರ್, ಸಿರಪ್ ಔಷಧಿ, ಎಲ್ಲದರಲ್ಲೂ ಇರಬಹುದು. ಮಾತ್ರೆ ನುಂಗಿಸಲು ಪೀನಟ್ ಬಟರ್ ಸವರುವವರು ಡಬ್ಬಿಯ ಹಿಂದೆ ಓದಿ ಆಮೇಲೆ ಸವರಿ.

ಈರುಳ್ಳಿ, ಬೆಳ್ಳುಳ್ಳಿ ಇದಕ್ಕೆ ಉಲ್ಟಾ. ನಿಧಾನ. ಕೆಂಪು ರಕ್ತಕಣಗಳು ಒಡೆಯುತ್ತವೆ. ತಿಂದ ದಿನ ಏನೂ ಕಾಣಲ್ಲ, ನಾಲ್ಕೈದು ದಿನ ಬಿಟ್ಟು ಸುಸ್ತು, ಬಿಳಿಚಿದ ಒಸಡು, ಕಂದು ಮೂತ್ರ. ಬೇಯಿಸಿದರೆ ಹೋಗಲ್ಲ, ಪುಡಿಯಲ್ಲಿ ಇನ್ನೂ ಜಾಸ್ತಿ. ಮನೆಮಂದಿಗೆ ಮಾಡಿದ ಸಾರಿನಲ್ಲಿ ಅನ್ನ ಕಲಸಿ ಹಾಕುವುದು ಬೇಡ ಅನ್ನುವುದು ಇದಕ್ಕೇ.

ಅಕಸ್ಮಾತ್ ತಿಂದುಬಿಟ್ಟರೆ ಪ್ಯಾಕೆಟ್ ಕೈಯಲ್ಲಿ ಹಿಡಿದುಕೊಂಡೇ ಡಾಕ್ಟರಿಗೆ ಫೋನ್ ಮಾಡಿ. ಲಕ್ಷಣ ಕಾಣಲಿ ಅಂತ ಕಾಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಆ ಉಪ್ಪೇ ಇನ್ನೊಂದು ವಿಷವಾಗುತ್ತದೆ.

ಗುಂಡನ ಅಮ್ಮ:
ಹುಣಸೆ ವಿಷಯ ಗೊತ್ತೇ ಇರಲಿಲ್ಲ ಸರ್, ಥ್ಯಾಂಕ್ಸ್. ಹಾಗಾದರೆ ಇವೆಲ್ಲ ಬಿಟ್ಟು, ಉಪ್ಪು ಖಾರ ಇಲ್ಲದ ಚಿಕನ್, ಅನ್ನ, ಕ್ಯಾರೆಟ್ ಕೊಟ್ಟರೆ ಸೇಫ್ ತಾನೇ?

ತಟ್ಟೆ ಖಾಲಿ:
ಖಂಡಿತ ಸೇಫ್ ಮೇಡಂ. ನಾವು ವರ್ಷಗಳಿಂದ ಅದನ್ನೇ ಕೊಡುತ್ತಿದ್ದೇವೆ. ಮೈ ಹೊಳೆಯುತ್ತೆ, ಓಡಾಟ ಚೆನ್ನಾಗಿದೆ, ರಕ್ತ ಪರೀಕ್ಷೆನೂ ನಾರ್ಮಲ್. ಪ್ಯಾಕೆಟ್ ಕಂಪನಿಗಳು ಸುಮ್ನೆ ಹೆದರಿಸುತ್ತವೆ.

ಹಳೇ ವೆಟ್:
ತಟ್ಟೆ ಖಾಲಿ ಅವರೇ, ಬೇಜಾರು ಮಾಡಿಕೊಳ್ಳಬೇಡಿ. ವಿಷ ಅಲ್ಲ ಅನ್ನುವುದು ಒಂದು, ಸಾಕು ಅನ್ನುವುದು ಇನ್ನೊಂದು. ಚಿಕನ್, ಅನ್ನ ವಿಷ ಅಲ್ಲ. ಹೊಟ್ಟೆ ಕೆಟ್ಟಾಗ ಎರಡು ದಿನಕ್ಕೆ ಒಳ್ಳೆಯದೇ. ಆದರೆ ತಿಂಗಳುಗಟ್ಟಲೆ ಅದೊಂದೇ ಆದರೆ ಸಾಕಾಗುವುದಿಲ್ಲ.

ಮೊದಲ ಕೊರತೆ ಕ್ಯಾಲ್ಸಿಯಂ. ನಾಯಿಯ ಊಟದಲ್ಲಿ ಕ್ಯಾಲ್ಸಿಯಂ ರಂಜಕಕ್ಕೆ ಸಮ ಇರಬೇಕು, ಇಲ್ಲ ಸ್ವಲ್ಪ ಜಾಸ್ತಿ ಇರಬೇಕು, ಎರಡು ಪಟ್ಟಿನೊಳಗೆ. ಮೂಳೆ ಇಲ್ಲದ ಮಾಂಸದಲ್ಲಿ ರಂಜಕ ಕ್ಯಾಲ್ಸಿಯಂಗಿಂತ ಹದಿನೈದು ಇಪ್ಪತ್ತು ಪಟ್ಟು ಜಾಸ್ತಿ. ಅನ್ನ ಸೇರಿಸಿದರೆ ಇದು ಸರಿಹೋಗುವುದಿಲ್ಲ.

ರಕ್ತ ಪರೀಕ್ಷೆ ನಾರ್ಮಲ್ ಬಂದದ್ದರ ಬಗ್ಗೆ ಒಂದು ಮಾತು. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಹೃದಯವೇ ನಿಲ್ಲುವ ಪರಿಸ್ಥಿತಿ. ಅದಕ್ಕೇ ದೇಹ ಅದನ್ನು ಇಳಿಯಲು ಬಿಡುವುದಿಲ್ಲ. ಪ್ಯಾರಾಥೈರಾಯ್ಡ್ ಹಾರ್ಮೋನ್ ಮೂಳೆಯಿಂದ ತೆಗೆದು ರಕ್ತಕ್ಕೆ ತುಂಬುತ್ತಲೇ ಇರುತ್ತದೆ. ರಿಪೋರ್ಟ್ ಚೆನ್ನಾಗಿರುತ್ತದೆ, ಮೂಳೆ ಸವೆಯುತ್ತಿರುತ್ತದೆ. ದೊಡ್ಡ ನಾಯಿಯಲ್ಲಿ ಇದು ಕಾಣಲು ತುಂಬಾ ಸಮಯ ಬೇಕು. ಮರಿಯಲ್ಲಿ ವಾರಗಳಲ್ಲೇ ಕಾಲು ಬಾಗುತ್ತದೆ, ಸುಮ್ಮನೆ ಹಾರಿದರೂ ಮೂಳೆ ಮುರಿಯುತ್ತದೆ.

ಕ್ಯಾಲ್ಸಿಯಂ ಒಂದೇ ಅಲ್ಲ. ಸತು, ತಾಮ್ರ, ಅಯೋಡಿನ್, ಕೋಲಿನ್, ವಿಟಮಿನ್ ಡಿ, ವಿಟಮಿನ್ ಇ ಕೂಡ ಇದರಲ್ಲಿ ಸಾಲದು. ಬಿಸಿಲಲ್ಲಿ ಮಲಗುತ್ತಾನಲ್ಲ, ವಿಟಮಿನ್ ಡಿ ಬರುತ್ತೆ ಅನ್ನಬೇಡಿ. ನಾಯಿಯ ಚರ್ಮಕ್ಕೆ ಅದನ್ನು ಬೇಕಾದಷ್ಟು ತಯಾರಿಸಲು ಬರುವುದಿಲ್ಲ, ಊಟದಿಂದಲೇ ಬರಬೇಕು. ವಿಟಮಿನ್ ಸಿ ಮಾತ್ರ ಲಿವರಿನಲ್ಲೇ ಮಾಡಿಕೊಳ್ಳುತ್ತವೆ, ಅದರ ಚಿಂತೆ ಬೇಡ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು 2013ರಲ್ಲಿ ಪುಸ್ತಕ, ವೆಬ್‌ಸೈಟುಗಳಿಂದ ನಾಯಿ ಅಡುಗೆಯ 200 ರೆಸಿಪಿ ತೆಗೆದು ಲೆಕ್ಕ ಹಾಕಿದರು. ನೂರಕ್ಕೆ ತೊಂಬತ್ತೈದರಲ್ಲಿ ಕನಿಷ್ಠ ಒಂದು ಪೋಷಕಾಂಶವಾದರೂ ಕಡಿಮೆ ಬಿತ್ತು. ಅವುಗಳಲ್ಲಿ ಪಶುವೈದ್ಯರೇ ಬರೆದ ರೆಸಿಪಿಗಳೂ ಇದ್ದವು! ಇದನ್ನು ನಮ್ಮವರ ಬಗ್ಗೆಯೇ ಹೇಳುತ್ತಿದ್ದೇನೆ. ಹಾಗಾಗಿ ರೆಸಿಪಿ ಯಾರು ಬರೆದರು ಎಂಬುದಕ್ಕಿಂತ, ಒಂದೊಂದು ಪೋಷಕಾಂಶವನ್ನೂ ಲೆಕ್ಕ ಹಾಕಿದ್ದಾರಾ ಅನ್ನುವುದು ಮುಖ್ಯ.

ತಟ್ಟೆ ಖಾಲಿ:
ಸರಿ ಸರ್. ಹಾಗಾದರೆ ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕಿದರೆ ಮುಗೀತಾ?

ಹಳೇ ವೆಟ್:
ಕ್ಯಾಲ್ಸಿಯಂ ಮಟ್ಟಿಗೆ ಮುಗಿಯಿತು. ಸಿಪ್ಪೆಯ ಒಂದು ಗ್ರಾಂ ಪುಡಿಯಲ್ಲಿ 380 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ. ಬೆಳೆದ ನಾಯಿಗೆ ಪ್ರತಿ 1000 ಕಿಲೋಕ್ಯಾಲೊರಿ ಊಟಕ್ಕೆ 1.25 ಗ್ರಾಂ ಕ್ಯಾಲ್ಸಿಯಂ ಕನಿಷ್ಠ. ಅಂದರೆ ಮೂರು ಗ್ರಾಂಗಿಂತ ಸ್ವಲ್ಪ ಜಾಸ್ತಿ ಪುಡಿ. ಸಿಪ್ಪೆಯನ್ನು ಕುದಿಸಿ, ಒಣಗಿಸಿ, ಹಿಟ್ಟಿನ ಹಾಗೆ ನುಣ್ಣಗೆ ಮಾಡಿ. ಆದರೆ ಸತು, ತಾಮ್ರ, ವಿಟಮಿನ್‌ಗಳ ತೂತು ಹಾಗೇ ಉಳಿಯುತ್ತದೆ. ಅದಕ್ಕೆ ಮನೆ ಅಡುಗೆಗೆಂದೇ ಮಾಡಿದ ಖನಿಜ, ವಿಟಮಿನ್ ಮಿಶ್ರಣ ಬೇಕು. ಅದನ್ನು ನಿಮ್ಮ ರೆಸಿಪಿಗೆ ಹೊಂದಿಸಿ ಪಶು ಪೋಷಣೆ ತಜ್ಞರು ಹೇಳಬೇಕು. ಮನುಷ್ಯರ ಮಲ್ಟಿವಿಟಮಿನ್ ಮಾತ್ರೆ ಪುಡಿ ಮಾಡಿ ಹಾಕಬೇಡಿ. ವಿಟಮಿನ್ ಡಿ ಜಾಸ್ತಿಯಾದರೆ ಅದೂ ವಿಷ, ಕಬ್ಬಿಣವೂ ಅಷ್ಟೇ. ಕೆಲವದರಲ್ಲಿ ಕ್ಸೈಲಿಟಾಲ್ ಕೂಡ ಇರುತ್ತದೆ.

ಹಸಿ ಮಾಂಸದ ಹುಡುಗ:
ಇಷ್ಟೆಲ್ಲ ತಲೆನೋವು ಯಾಕೆ? ನಾಯಿ ತೋಳದ ವಂಶ. ಹಸಿ ಮಾಂಸ, ಹಸಿ ಮೂಳೆ, ಸ್ವಲ್ಪ ಲಿವರ್ ಕೊಡಿ. ಪ್ರಕೃತಿಯೇ ಬ್ಯಾಲೆನ್ಸ್ ಮಾಡುತ್ತೆ. ಅಕ್ಕಿ, ಗೋಧಿ ನಾಯಿಗೆ ಜೀರ್ಣವೇ ಆಗಲ್ಲ.

ಲೇಬಲ್ ಓದುವವ:
ಬ್ರೋ, ಕೊನೆಯ ಮಾತು ತಪ್ಪು. ಪಿಷ್ಟ ಜೀರ್ಣಿಸುವ ಅಮೈಲೇಸ್ ಜೀನ್ ತೋಳಕ್ಕೆ ಎರಡೇ ಪ್ರತಿ ಇರೋದು. ನಾಯಿಗಳಲ್ಲಿ ನಾಲ್ಕರಿಂದ ಮೂವತ್ತು ಪ್ರತಿಗಳವರೆಗೆ ಸಿಕ್ಕಿವೆ. 2013ರಲ್ಲೇ ಪ್ರಕಟವಾದ ಸಂಶೋಧನೆ. ಮನುಷ್ಯರ ಜೊತೆ ಸಾವಿರಾರು ವರ್ಷ ಬದುಕಿ ನಾಯಿ ಬದಲಾಗಿದೆ. ಬೇಯಿಸಿದ ಧಾನ್ಯ ಚೆನ್ನಾಗೇ ಜೀರ್ಣ ಆಗುತ್ತೆ.

ಮತ್ತೆ, ಧಾನ್ಯ ಇಲ್ಲದ್ದೇ ಒಳ್ಳೆಯದು ಅಂತ ಬಟಾಣಿ, ಬೇಳೆ ತುಂಬಿದ ಪ್ಯಾಕೆಟ್‌ಗಳು ಬಂದವಲ್ಲ, ಅಂಥವನ್ನು ತಿಂದ ಕೆಲವು ನಾಯಿಗಳಲ್ಲಿ ಹೃದಯ ಹಿಗ್ಗುವ ಕಾಯಿಲೆ ಕಂಡಿತು ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಜುಲೈನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಅದೇ ಕಾರಣ ಅಂತ ಸಾಬೀತಾಗಿಲ್ಲ. ಆದರೆ ಗೋಧಿಗೆ ಹೆದರಿ ಅಲ್ಲಿಗೆ ಓಡುವುದರಲ್ಲಿ ಅರ್ಥ ಇಲ್ಲ.

ಹಳೇ ವೆಟ್:
ಹಸಿ ಮಾಂಸದ ಬಗ್ಗೆ ನನ್ನ ಅಭಿಪ್ರಾಯ: ನಾನು ಸಲಹೆ ಮಾಡುವುದಿಲ್ಲ. ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಥರದ ಬ್ಯಾಕ್ಟೀರಿಯಾ ಬರೀ ನಾಯಿಯ ಹೊಟ್ಟೆಯಲ್ಲಿ ಉಳಿಯುವುದಿಲ್ಲ. ಬಟ್ಟಲು, ನೆಲ, ನಾಯಿಯ ನಾಲಿಗೆ, ಮಲ, ಎಲ್ಲ ಕಡೆ ಬರುತ್ತದೆ. ನಾಯಿ ಗಟ್ಟಿಯಾಗಿದ್ದರೂ ಅದು ನೆಕ್ಕಿದ ಮಗುವಿಗೆ ಕಾಯಿಲೆ ಬರಬಹುದು. ಫ್ರೀಜರ್‌ನಲ್ಲಿಟ್ಟರೆ ಸಾಲ್ಮೊನೆಲ್ಲಾ ಸಾಯುವುದಿಲ್ಲ. ಮನೆಯಲ್ಲಿ ಪುಟ್ಟ ಮಕ್ಕಳು, ವಯಸ್ಸಾದವರು, ಗರ್ಭಿಣಿಯರು ಇದ್ದರೆ ಇದು ಚರ್ಚೆಯ ವಿಷಯವೇ ಅಲ್ಲ. ಮೂಳೆಯಂತೂ ಬೆಂದದ್ದಾದರೆ ಚೂಪಾಗಿ ಸೀಳಿ ಕರುಳು ಹರಿಯುತ್ತದೆ, ಹಸಿಯಾದರೂ ಹಲ್ಲು ಮುರಿಯುತ್ತದೆ. ಲಿವರ್ ಕೂಡ ದಿನಾ ಜಾಸ್ತಿ ಬೇಡ, ವಿಟಮಿನ್ ಎ ಮೈಯಲ್ಲಿ ಕೂರುತ್ತದೆ.

ಹಸಿ ಮಾಂಸದ ಹುಡುಗ:
ನನ್ನ ನಾಯಿಗೆ ಏನೂ ಆಗಿಲ್ಲ. ಇರಲಿ, ನಿಮ್ಮಿಷ್ಟ.

ಸೊಪ್ಪು ತರಕಾರಿ:
ನಮ್ಮ ಮನೆಗೆ ಮಾಂಸ ತರುವುದಿಲ್ಲ. ನಾಯಿಯನ್ನೂ ಮಾಂಸ ಇಲ್ಲದೆ ಸಾಕಬಹುದಾ?

ಲೇಬಲ್ ಓದುವವ:
ಬೆಳೆದ ನಾಯಿಯನ್ನು ಸಾಕಬಹುದು. ಆದರೆ ಅನ್ನ, ತರಕಾರಿ, ಹಾಲು ಅಂತ ಅಂದಾಜಿನಲ್ಲಿ ಅಲ್ಲ. ಸಂಪೂರ್ಣ ಆಹಾರ ಅಂತ ಬರೆದಿರುವ ಮಾಂಸರಹಿತ ಪ್ಯಾಕೆಟ್ ಸಿಗುತ್ತದೆ. ಅದನ್ನು ಆಧಾರ ಮಾಡಿಕೊಳ್ಳಿ, ಬೇಯಿಸಿದ ಮೊಟ್ಟೆ ನಿಮಗೆ ಅಭ್ಯಂತರ ಇಲ್ಲದಿದ್ದರೆ ಜೊತೆಗೆ ಕೊಡಿ. ಮರಿ, ಬಸುರಿ ನಾಯಿಯ ಮೇಲೆ ಈ ಪ್ರಯೋಗ ಬೇಡ. ಬೆಕ್ಕಿಗಂತೂ ಬೇಡವೇ ಬೇಡ.

ಲೇಬಲ್ ವಿಷಯ ಬಂದಿದ್ದಕ್ಕೆ ಒಂದೆರಡು ಮಾತು. ಪ್ಯಾಕೆಟ್ ಮುಂದುಗಡೆ ಇರುವ ಚಿತ್ರ, 'ಪ್ರೀಮಿಯಂ', 'ನ್ಯಾಚುರಲ್' ಇದ್ಯಾವುದನ್ನೂ ನೋಡಬೇಡಿ. ಹಿಂದೆ ಸಣ್ಣ ಅಕ್ಷರದಲ್ಲಿ ಇದು ಸಂಪೂರ್ಣ, ಸಮತೋಲಿತ ಆಹಾರ ಅಂತಿದೆಯಾ, ಯಾವ ವಯಸ್ಸಿಗೆ ಅಂತಿದೆ, ನೋಡಿ. ಪೂರಕ ಅಂತಿದ್ದರೆ ಅದು ಊಟ ಅಲ್ಲ, ತಿಂಡಿ.

ಇನ್ನೊಂದು, ಒಣ ಆಹಾರದಲ್ಲಿ ಪ್ರೋಟೀನ್ 26, ಡಬ್ಬಿಯದ್ದರಲ್ಲಿ ಬರೀ 8 ಅಂತ ನೋಡಿ ಡಬ್ಬಿಯದ್ದು ಕಳಪೆ ಅಂದುಕೊಳ್ಳುತ್ತಾರೆ. ನೀರು ಕಳೆದು ಲೆಕ್ಕ ಹಾಕಿ. ಡಬ್ಬಿಯಲ್ಲಿ ನೂರಕ್ಕೆ 78 ನೀರು ಇದ್ದರೆ ಉಳಿದ 22ರಲ್ಲಿ 8 ಪ್ರೋಟೀನ್, ಅಂದರೆ ನೂರಕ್ಕೆ 36. ಒಣದರಲ್ಲಿ ನೀರು 10 ಇದ್ದರೆ 90ರಲ್ಲಿ 26, ಅಂದರೆ 29 ಮಾತ್ರ.

ಮರಿ ಬಂತು:
ನಡುವೆ ಬರುತ್ತಿದ್ದೇನೆ, ಸಾರಿ. ನಮ್ಮದು ಗ್ರೇಟ್ ಡೇನ್ ಮರಿ, ಮೂರು ತಿಂಗಳು. ಪಪ್ಪಿ ಫುಡ್ ಹಾಕುತ್ತಿದ್ದೇವೆ. ಮೂಳೆ ಗಟ್ಟಿಯಾಗಲಿ ಅಂತ ಕ್ಯಾಲ್ಸಿಯಂ ಸಿರಪ್ ಕೂಡ ಕೊಡಬಹುದಾ? ಎಲ್ಲರೂ ಕೊಡಿ ಅನ್ನುತ್ತಾರೆ.

ಹಳೇ ವೆಟ್:
ಬೇಡ. ಶುರುವೇ ಮಾಡಬೇಡಿ. ಸಣ್ಣ ಮರಿಗಳಿಗೆ ಬೇಡವಾದ ಕ್ಯಾಲ್ಸಿಯಂ ಅನ್ನು ಕರುಳಲ್ಲೇ ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಕೊಟ್ಟಷ್ಟೂ ಒಳಗೆ ಹೋಗುತ್ತದೆ. ದೊಡ್ಡ ತಳಿಯ ಮರಿಯಲ್ಲಿ ಅದರಿಂದ ಮೂಳೆ, ಕೀಲು ಸೊಟ್ಟ ಬೆಳೆಯುತ್ತವೆ. ದೊಡ್ಡ ತಳಿಯ ಮರಿಗೆ ಅಂತಲೇ ಬರೆದಿರುವ ಆಹಾರ ತನ್ನಿ, ಮರಿಯನ್ನು ದಪ್ಪ ಮಾಡಬೇಡಿ, ನಿಧಾನವಾಗಿ ಬೆಳೆಯಲಿ. ದಿನಕ್ಕೆ ಮೂರ್ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡಿ. ದೊಡ್ಡವನಾದ ಮೇಲೂ ಎರಡು ಹೊತ್ತು ಹಂಚಿ. ಎದೆ ಆಳ ಇರುವ ಈ ತಳಿಗಳು ಒಂದೇ ಸಲ ಗಬಗಬ ನುಂಗಿದರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಜಾಸ್ತಿ. ಹೊಟ್ಟೆ ಉಬ್ಬಿ, ವಾಂತಿಗೆ ಯತ್ನಿಸಿದರೂ ಏನೂ ಬರದಿದ್ದರೆ ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೋಗಲೇಬೇಕು.

ಕೆರೆತದ ಕಾಟ:
ನಮ್ಮವಳು ಕಾಲು ನೆಕ್ಕಿ ನೆಕ್ಕಿ ಕೆಂಪಾಗಿಸಿಕೊಂಡಿದ್ದಾಳೆ. ಚಿಕನ್ ಅಲರ್ಜಿ ಅಂತ ಒಬ್ಬರು, ಗೋಧಿ ಅಂತ ಇನ್ನೊಬ್ಬರು. ಮೂರು ಬ್ರ್ಯಾಂಡ್ ಬದಲಾಯಿಸಿ ಆಯಿತು.

ಹಳೇ ವೆಟ್:
ಬ್ರ್ಯಾಂಡ್ ಬದಲಿಸಿದರೆ ಏನೂ ಗೊತ್ತಾಗುವುದಿಲ್ಲ, ಮೂರರಲ್ಲೂ ಚಿಕನ್ ಇದ್ದಿರಬಹುದು. ಮೊದಲು ಉಣ್ಣೆ, ಚಿಗಟ ನೋಡಿಸಿ, ಕೆರೆತಕ್ಕೆ ಅವೇ ಜಾಸ್ತಿ ಕಾರಣ. ಆಮೇಲೂ ಆಹಾರದ ಅನುಮಾನ ಇದ್ದರೆ, ಅವಳು ಯಾವತ್ತೂ ತಿನ್ನದ ಒಂದು ಪ್ರೋಟೀನ್ ಆರಿಸಿ ಎಂಟು ವಾರ ಅದೊಂದೇ ಕೊಡಬೇಕು. ಬಿಸ್ಕತ್ತು, ರುಚಿ ಹಾಕಿದ ಮಾತ್ರೆ, ಯಾವುದೂ ನಡುವೆ ಬರಬಾರದು. ಕಡಿಮೆಯಾದರೆ ಹಳೆಯದನ್ನು ಮತ್ತೆ ಕೊಟ್ಟು, ಕೆರೆತ ತಿರುಗಿ ಬಂದರೆ ಮಾತ್ರ ಖಾತ್ರಿ. ರಕ್ತ ಅಥವಾ ಕೂದಲು ಕಳಿಸಿ ಮಾಡಿಸುವ ಅಲರ್ಜಿ ಟೆಸ್ಟ್ ಆಹಾರದ ವಿಷಯದಲ್ಲಿ ನಂಬಿಕೆಗೆ ಬರುವುದಿಲ್ಲ. ನಾಯಿಗಳಲ್ಲಿ ಜಾಸ್ತಿ ಕಾಣುವುದು ದನದ ಮಾಂಸ, ಹಾಲಿನ ಪದಾರ್ಥ, ಚಿಕನ್. ಗೋಧಿ ಅವುಗಳ ನಂತರ.

ಗುಂಡನ ಅಮ್ಮ:
ನಾನು ಕೇಳಿದ್ದಕ್ಕಿಂತ ಜಾಸ್ತಿನೇ ತಿಳಿಯಿತು. ಸದ್ಯಕ್ಕೆ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಪ್ಯಾಕೆಟ್ ಬಿಡುವುದಿಲ್ಲ. ತಜ್ಞರ ಹತ್ತಿರ ರೆಸಿಪಿ ಬರೆಸಿಕೊಂಡ ಮೇಲೆಯೇ ಮನೆ ಅಡುಗೆ. ಆದರೆ ತೂಕದ ಪ್ರಶ್ನೆ ಹಾಗೇ ಉಳಿಯಿತು. ಪ್ಯಾಕೆಟ್ ಮೇಲೆ ಬರೆದಷ್ಟೇ ಹಾಕುತ್ತಿದ್ದೆವಲ್ಲ, ಆದರೂ ಯಾಕೆ ದಪ್ಪಗಾದ?

ಹಳೇ ವೆಟ್:
ಪ್ಯಾಕೆಟ್‌ನ ಅಳತೆ ಎಲ್ಲ ನಾಯಿಗೂ ಸೇರಿಸಿ ಬರೆದದ್ದು. ಆಪರೇಷನ್ ಆದವನಿಗೆ, ಜಾಸ್ತಿ ಓಡಾಡದವನಿಗೆ ಅದು ಹೆಚ್ಚೇ ಆಗುತ್ತದೆ. ನಿಮ್ಮ ಫೋನಿನ ಕ್ಯಾಲ್ಕುಲೇಟರ್ ತೆಗೆಯಿರಿ. ಇರಬೇಕಾದ ತೂಕವನ್ನು ಮೂರು ಸಲ ಗುಣಿಸಿ: 10 × 10 × 10, 1000 ಬಂತು. ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ, 5.62. ಅದನ್ನು 70ರಿಂದ ಗುಣಿಸಿ, ಸುಮಾರು 394. ಸುಮ್ಮನೆ ಮಲಗಿದ್ದರೂ ಬೇಕಾಗುವ ಕಿಲೋಕ್ಯಾಲೊರಿ ಅದು. ಆಪರೇಷನ್ ಆದ, ಸರಿಯಾದ ತೂಕದ ನಾಯಿಗೆ ಅದರ 1.6 ಪಟ್ಟು, ಅಂದರೆ ಸುಮಾರು 630. ಇಳಿಸಬೇಕಾದವನಿಗೆ 394ರ ಹತ್ತಿರದಿಂದ ಶುರು ಮಾಡುತ್ತೇವೆ. ಎರಡು ವಾರಕ್ಕೊಮ್ಮೆ ತೂಕ ನೋಡಿ ಹೆಚ್ಚು ಕಡಿಮೆ ಮಾಡಬೇಕು. ವಾರಕ್ಕೆ ನೂರಕ್ಕೆ ಒಂದರಿಂದ ಎರಡರಷ್ಟು ಇಳಿದರೆ ಸಾಕು. ಗುಂಡನಿಗೆ ಅದು 120ರಿಂದ 240 ಗ್ರಾಂ.

ಆದರೆ ಮಾಮೂಲಿ ಆಹಾರವನ್ನೇ ಇಷ್ಟು ಕಡಿಮೆ ಮಾಡಿದರೆ ಪೋಷಕಾಂಶವೂ ಕಡಿಮೆಯಾಗುತ್ತದೆ. ಅದಕ್ಕೇ ತೂಕ ಇಳಿಸಲೆಂದೇ ಮಾಡಿದ ಆಹಾರ ಇರುವುದು. ನಿಮ್ಮ ಡಾಕ್ಟರನ್ನು ಕೇಳಿ. ಒಮ್ಮೆ ಥೈರಾಯ್ಡ್ ಕೂಡ ನೋಡಿಸಿ.

ತೂಕದ ಯಂತ್ರ ಇಲ್ಲದವರು ಕೈ ಉಪಯೋಗಿಸಿ. ಪಕ್ಕೆಲುಬನ್ನು ಮೆಲ್ಲಗೆ ಸವರಿದರೆ ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಮೇಲಿಂದ ನೋಡಿದರೆ ಸೊಂಟ ಕಾಣಬೇಕು. ಮೈಕಟ್ಟಿಗೆ ಒಂದರಿಂದ ಒಂಬತ್ತರವರೆಗೆ ಅಂಕ ಕೊಡುವ ಅಳತೆಯಲ್ಲಿ ನಾವು ನಾಲ್ಕೈದನ್ನು ಸರಿ ಅನ್ನುತ್ತೇವೆ.

ತೂಕ ಅಷ್ಟು ಮುಖ್ಯನಾ ಅನ್ನುವವರಿಗೆ: 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಊಟ ಹಾಕಿ ಜೀವನಪೂರ್ತಿ ನೋಡಿದರು. ಫಲಿತಾಂಶ ಬಂದದ್ದು 2002ರಲ್ಲಿ. ಕಡಿಮೆ ತಿಂದವುಗಳ ಮಧ್ಯಮ ಆಯಸ್ಸು 13 ವರ್ಷ, ಉಳಿದವುಗಳದ್ದು 11.2. ಕೀಲು ನೋವೂ ತಡವಾಗಿ ಬಂತು. ಯಾವ ದುಬಾರಿ ಪುಡಿ, ಎಣ್ಣೆಗೂ ಇಂಥ ಫಲಿತಾಂಶ ಬಂದದ್ದನ್ನು ನಾನು ನೋಡಿಲ್ಲ.

ಲೇಬಲ್ ಓದುವವ:
ಕಪ್‌ನಲ್ಲಿ ಅಳೆಯಬೇಡಿ ಮೇಡಂ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಥರ ತುಂಬುತ್ತೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಗ್ರಾಂ ಲೆಕ್ಕ ಹಾಕಿ. ನಿಮ್ಮ ಪ್ಯಾಕೆಟ್ ಮೇಲೆ 100 ಗ್ರಾಂಗೆ ಎಷ್ಟು ಕಿಲೋಕ್ಯಾಲೊರಿ ಅಂತ ಇರುತ್ತೆ.

ಗುಂಡನ ಅಮ್ಮ:
ಸರಿ. ಇನ್ನು ಮನೆಯವರ ಸಮಸ್ಯೆ. ನಮ್ಮ ಮಾವನವರು ಟೀ ಕುಡಿಯುವಾಗ ಗುಂಡ ಪಕ್ಕದಲ್ಲಿ ಕೂತು ಮುಖ ನೋಡುತ್ತಾನೆ. ಅವರಿಗೆ ಕರುಳು ಚುರ್ ಅನ್ನುತ್ತೆ. ಬಿಸ್ಕತ್ತು, ಚೀಸ್, ಬೆಳಿಗ್ಗೆ ಒಂದು ಮೊಟ್ಟೆ. ಬೇಡ ಅಂತ ಹೇಗೆ ಹೇಳೋದು?

ಎರಡು ನಾಯಿ ಒಂದು ಸೋಫಾ:
ಆಹಾ, ಕಳ್ಳ ಸಿಕ್ಕಿಬಿದ್ದ! ಇಷ್ಟುದ್ದ ಚರ್ಚೆ ಮಾಡಿದ್ದು ಈ ಬಿಸ್ಕತ್ತಿಗಾಗಿ.

ಹಳೇ ವೆಟ್:
ಊಟದ ಹೊರಗಿನ ತಿಂಡಿ ದಿನದ ಕ್ಯಾಲೊರಿಯಲ್ಲಿ ನೂರಕ್ಕೆ ಹತ್ತು ದಾಟಬಾರದು. ಗುಂಡ ಇಳಿಯುವವರೆಗೆ ಅದು 40 ಕಿಲೋಕ್ಯಾಲೊರಿ. ಒಂದು ಮೊಟ್ಟೆಗೇ 70 ದಾಟುತ್ತದೆ, 10 ಗ್ರಾಂ ಚೀಸ್ ಅಂದರೆ 40 ಮುಗಿಯಿತು.

ಆದರೆ ಯಜಮಾನರಿಗೆ ಬೇಡ ಅನ್ನಬೇಡಿ, ಅವರೂ ಕೇಳುವುದಿಲ್ಲ, ಗುಂಡನೂ ಕೇಳುವುದಿಲ್ಲ. ದಿನದ ಒಣ ಆಹಾರದಿಂದಲೇ ಒಂದು ಹಿಡಿ ತೆಗೆದು ಚಿಕ್ಕ ಡಬ್ಬಿಗೆ ಹಾಕಿ, ಬೆಳಿಗ್ಗೆ ಅವರ ಕೈಗೆ ಕೊಡಿ. ಜೊತೆಗೆ ಸಣ್ಣಗೆ ಹೆಚ್ಚಿದ ಕ್ಯಾರೆಟ್, 100 ಗ್ರಾಂಗೆ 40 ಕಿಲೋಕ್ಯಾಲೊರಿ ಅಷ್ಟೇ. ಒಂದೊಂದೇ ಕೊಡಲಿ, ಎಷ್ಟು ಸಲ ಬೇಕಾದರೂ ಕೊಡಲಿ. ಡಬ್ಬಿ ಖಾಲಿಯಾದರೆ ಅವತ್ತಿಗೆ ಮುಗಿಯಿತು. ಬಿಸ್ಕತ್ತಿನ ಪೊಟ್ಟಣ ಮಾತ್ರ ಮೇಲಿನ ಶೆಲ್ಫಿನಲ್ಲಿರಲಿ, ಅದರಲ್ಲಿ ಒಣದ್ರಾಕ್ಷಿ ಇರುವ ಥರದ್ದು ಇದ್ದರೆ ಮನೆಯಲ್ಲೇ ಬೇಡ.

ಗುಂಡನ ಅಮ್ಮ:
ಇದು ಒಪ್ಪುತ್ತಾರೆ ಸರ್. ಒಂದೇ ಕೊನೆಯ ಪ್ರಶ್ನೆ, ತೂಕ ಇಳಿಸುವ ಆಹಾರಕ್ಕೆ ನಾಳೆಯಿಂದಲೇ ಬದಲಾಯಿಸಬಹುದಾ?

ಹಳೇ ವೆಟ್:
ಒಮ್ಮೆಲೇ ಬದಲಾಯಿಸಿದರೆ ಭೇದಿ ಆಗಬಹುದು. ಮೊದಲ ಎರಡು ದಿನ ಹೊಸದು ಕಾಲು ಭಾಗ, ಆಮೇಲೆ ಎರಡು ದಿನ ಅರ್ಧ, ಮತ್ತೆರಡು ದಿನ ಮುಕ್ಕಾಲು. ಏಳನೇ ದಿನದಿಂದ ಪೂರ್ತಿ. ನಡುವೆ ಮಲ ತೆಳ್ಳಗಾದರೆ ಅದೇ ಹಂತದಲ್ಲಿ ಎರಡು ದಿನ ನಿಲ್ಲಿಸಿ ಮುಂದೆ ಹೋಗಿ. ನೀರು ಸದಾ ಬಟ್ಟಲಲ್ಲಿರಲಿ.